ಚದುರಂಗ ಪ್ರಶ್ನೋತ್ತರ: ಗ್ರ್ಯಾಂಡ್‌ಮಾಸ್ಟರ್ ಬಿರುದಿನ ಹಾದಿ, ಅದರ ಖರ್ಚು, ಅದರ ಸಂಪಾದನೆ

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟು ವರ್ಷದ ಡಿ. ಗುಕೇಶ್ ಅವರು ಚೀನಾದ ಡಿಂಗ್ ಲಿರೆನ್ ಅವರನ್ನು 7.5–6.5 ಅಂಕಗಳಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಸ್ವರೂಪವೇ ಬದಲಾಗಿದೆ. ಮೊದಲು ಓದುಗರು ಕ್ಯಾಸಲಿಂಗ್ ಯಾವಾಗ ಮಾಡಬಹುದು, ಡ್ರಾ ಯಾವಾಗ ಕೇಳಬಹುದು ಎಂದು ವಿಚಾರಿಸುತ್ತಿದ್ದರು. ಈಗ ತಂದೆ-ತಾಯಂದಿರು ಮಕ್ಕಳ ಭವಿಷ್ಯವನ್ನೇ ಮುಂದಿಟ್ಟು ಕೇಳುತ್ತಿದ್ದಾರೆ. ಈ ಸಲ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರು ಕೊಟ್ಟಿಲ್ಲ, ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ಗೌರವಾನ್ವಿತ ಸರ್, ನಮ್ಮದು ನಾಲ್ಕು ಪವರ್‌ಲೂಮ್ ಮಗ್ಗಗಳ ಮನೆ. ಮಗನಿಗೆ ಹನ್ನೊಂದು ವರ್ಷ, ಫಿಡೆ ರೇಟಿಂಗ್ 1584. ಅವನಿಗೆ ಆನ್‌ಲೈನಿನಲ್ಲಿ ಕಲಿಸುವ ತರಬೇತುದಾರರು, ಶಾಲೆ ಬಿಡಿಸಿ ದಿನಕ್ಕೆ ಎಂಟು ತಾಸು ಆಡಿಸಿದರೆ ಐದು ವರ್ಷದಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗುತ್ತಾನೆ ಎನ್ನುತ್ತಾರೆ. ಎರಡು ಮಗ್ಗ ಮಾರಿ, ಉಳಿದದ್ದಕ್ಕೆ ಸೊಸೈಟಿಯಲ್ಲಿ ಸಾಲ ತೆಗೆಯುವ ವಿಚಾರದಲ್ಲಿದ್ದೇನೆ. ಮನೆಯವಳು ಬೇಡ ಎನ್ನುತ್ತಿದ್ದಾಳೆ. ತಾವು ಏನು ಹೇಳುತ್ತೀರಿ? (ತಂದೆ, ರಬಕವಿ-ಬನಹಟ್ಟಿ)

ಉತ್ತರ: ಮೊದಲು ಉತ್ತರ ಹೇಳಿ ಆಮೇಲೆ ಕಾರಣ ಹೇಳುತ್ತೇನೆ. ಮಗ್ಗ ಮಾರಬೇಡಿ, ಸಾಲ ಮಾಡಬೇಡಿ, ಶಾಲೆ ಬಿಡಿಸಬೇಡಿ. ನಿಮ್ಮ ಮನೆಯವರ ಮಾತೇ ಸರಿಯಾಗಿದೆ. ಹಾಗೆಂದು ಮಗನ ಆಟ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಹನ್ನೊಂದನೆಯ ವಯಸ್ಸಿಗೆ 1584 ರೇಟಿಂಗ್ (ಗೆಲುವು-ಸೋಲಿನಿಂದ ಏರಿಳಿಯುವ, ಆಟಗಾರನ ಬಲ ತೋರಿಸುವ ಅಂಕ) ಎಂದರೆ ಅವನಿಗೆ ಆಟ ಒಲಿದಿದೆ ಎಂದೇ ಅರ್ಥ. ಆದರೆ ಆಟ ಒಲಿಯುವುದಕ್ಕೂ ಬಿರುದು ಸಿಗುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ನಿಮಗೆ ಯಾರೂ ಲೆಕ್ಕ ಹಾಕಿ ತೋರಿಸಿದಂತೆ ಕಾಣುವುದಿಲ್ಲ. ಅದನ್ನು ಇಲ್ಲಿ ತೋರಿಸಲು ಪ್ರಯತ್ನಿಸುತ್ತೇನೆ.

ಗ್ರ್ಯಾಂಡ್‌ಮಾಸ್ಟರ್ ಎಂಬುದು 1924ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ವಿಶ್ವ ಚದುರಂಗ ಸಂಸ್ಥೆಯಾದ ಫಿಡೆ ಕೊಡುವ ಬಿರುದು. 1950ರಲ್ಲಿ ಮೊದಲ ಬಾರಿಗೆ 27 ಆಟಗಾರರಿಗೆ ಇದನ್ನು ಕೊಡಲಾಯಿತು. ಒಮ್ಮೆ ಸಿಕ್ಕರೆ ಜೀವನಪರ್ಯಂತ ಉಳಿಯುತ್ತದೆ, ಆದರೆ ಅದರ ಜೊತೆಗೆ ಸಂಬಳವಾಗಲಿ ಪಿಂಚಣಿಯಾಗಲಿ ಬರುವುದಿಲ್ಲ. ಸಾಮಾನ್ಯ ಹಾದಿಯಲ್ಲಿ ಇದನ್ನು ಪಡೆಯಲು ಎರಡು ಷರತ್ತುಗಳಿವೆ. ಒಂದು, ಆಟಗಾರನ ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ಎರಡು, ಒಟ್ಟು ಕನಿಷ್ಠ 27 ಆಟಗಳನ್ನು ಒಳಗೊಂಡ ಮೂರು ನಾರ್ಮ್‌ಗಳನ್ನು ಗಳಿಸಬೇಕು. ನಾರ್ಮ್ ಎಂದರೆ ಒಂದು ಟೂರ್ನಿಯ ಉದ್ದಕ್ಕೂ, ಸಾಮಾನ್ಯವಾಗಿ ಒಂಬತ್ತು ಸುತ್ತುಗಳಲ್ಲಿ, 2600 ರೇಟಿಂಗ್‌ನವರ ಮಟ್ಟದಲ್ಲಿ ಆಡಿದ್ದೇನೆ ಎಂದು ಫಲಿತಾಂಶದಿಂದಲೇ ಸಾಬೀತುಪಡಿಸುವುದು. ಎದುರಾಳಿಗಳ ಸರಾಸರಿ ರೇಟಿಂಗ್ 2380ಕ್ಕಿಂತ ಕಡಿಮೆ ಇದ್ದರೆ ನಾರ್ಮ್ ಲೆಕ್ಕಕ್ಕೇ ಬರುವುದಿಲ್ಲ. 2380ರಿಂದ 2433ರವರೆಗೆ ಇದ್ದರೆ ಒಂಬತ್ತರಲ್ಲಿ ಏಳು ಅಂಕ ಬೇಕು, 2434ರಿಂದ 2474ರವರೆಗೆ ಇದ್ದರೆ ಆರೂವರೆ, 2475 ದಾಟಿದರೆ ಆರು. ಆ ಒಂಬತ್ತು ಜನರಲ್ಲಿ ಅರ್ಧದಷ್ಟಾದರೂ ಬಿರುದು ಪಡೆದವರಿರಬೇಕು, ಕನಿಷ್ಠ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಬೇರೆ ಬೇರೆ ದೇಶದವರೂ ಇರಬೇಕು. ಈ ಕೊನೆಯ ನಿಯಮಕ್ಕೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಮತ್ತು ವಿದೇಶಿಯರು ಸಾಕಷ್ಟು ಬರುವ ದೊಡ್ಡ ಓಪನ್ ಟೂರ್ನಿಗಳಿಗೆ ವಿನಾಯಿತಿ ಇದೆ. ಒಟ್ಟಿನಲ್ಲಿ, ಸ್ವತಃ ಗ್ರ್ಯಾಂಡ್‌ಮಾಸ್ಟರ್‌ಗಳ ನಡುವೆ ಕುಳಿತು ಅವರಲ್ಲಿ ಹಲವರಿಗಿಂತ ಚೆನ್ನಾಗಿ ಆಡಿದವನಿಗೆ ಮಾತ್ರ ಈ ಬಿರುದು. ಊರಿನಲ್ಲಿ, ಜಿಲ್ಲೆಯಲ್ಲಿ, ರಾಜ್ಯದಲ್ಲಿ ಎಷ್ಟೇ ಕಪ್ ಗೆದ್ದರೂ ಅದು ನಾರ್ಮ್ ಆಗುವುದಿಲ್ಲ.

ಇನ್ನು ರೇಟಿಂಗ್. ಇದನ್ನು ಏರಿಸುವ ಲೆಕ್ಕ ಎಲ್ಲ ಹಂತದಲ್ಲೂ ಒಂದೇ ರೀತಿ ಇಲ್ಲ, ಮತ್ತು ತಂದೆ-ತಾಯಂದಿರು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಿಮ್ಮ ಮಗನಂತೆ ಹದಿನೆಂಟರ ಒಳಗಿನ, 2300ಕ್ಕಿಂತ ಕೆಳಗಿನ ಆಟಗಾರನಿಗೆ ಗುಣಕ (ಒಂದು ಆಟದಿಂದ ರೇಟಿಂಗ್ ಎಷ್ಟು ಏರಿಳಿಯುತ್ತದೆ ಎಂಬುದನ್ನು ನಿರ್ಧರಿಸುವ ಸಂಖ್ಯೆ) 40. ತನ್ನಷ್ಟೇ ರೇಟಿಂಗ್ ಇರುವವನನ್ನು ಗೆದ್ದರೆ 20 ಅಂಕ ಏರುತ್ತದೆ, ಸೋತರೆ 20 ಇಳಿಯುತ್ತದೆ. ಸಮಬಲದವರ ಎದುರು ಸೋಲಿಗಿಂತ ಐದು ಗೆಲುವು ಹೆಚ್ಚಿದ್ದರೆ 1600ರಿಂದ 1700ಕ್ಕೆ ಹೋಗಬಹುದು. ಒಂದು ಒಳ್ಳೆಯ ಬೇಸಿಗೆ ರಜೆಯಲ್ಲಿ ಇದು ಆಗಿಬಿಡುತ್ತದೆ, ಮನೆಯವರೆಲ್ಲ ಹಿಗ್ಗುತ್ತಾರೆ. ಆದರೆ ಒಮ್ಮೆ 2400 ಮುಟ್ಟಿದ ಮೇಲೆ ಗುಣಕ 10ಕ್ಕೆ ಇಳಿದು ಮತ್ತೆ ಏರುವುದಿಲ್ಲ. ಆಗ ಅದೇ ಗೆಲುವಿಗೆ ಐದೇ ಅಂಕ, ಮತ್ತು 2400ರಿಂದ 2500ಕ್ಕೆ ಹೋಗಲು ಸಮಬಲದವರ ಎದುರು ಸೋಲಿಗಿಂತ ಇಪ್ಪತ್ತು ಗೆಲುವು ಹೆಚ್ಚಿರಬೇಕು. ಆ ಮಟ್ಟದಲ್ಲಿ ಬಹಳಷ್ಟು ಆಟಗಳು ಡ್ರಾ ಆಗುವುದರಿಂದ ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಮಗು ಎರಡು ವರ್ಷದಲ್ಲಿ ನಾನೂರು ಅಂಕ ಏರಿತು, ಇನ್ನು ನಾಲ್ಕು ವರ್ಷದಲ್ಲಿ ಎಂಟುನೂರು ಏರುತ್ತದೆ ಎಂದು ಗೆರೆ ಎಳೆದು ಲೆಕ್ಕ ಹಾಕುವವರು ಈ ಏರು ಎಷ್ಟು ಕಡಿದಾಗುತ್ತದೆ ಎಂಬುದನ್ನು ಮರೆತಿರುತ್ತಾರೆ. ಐದು ವರ್ಷದ ಭರವಸೆ ಕೊಟ್ಟ ಆ ತರಬೇತುದಾರರ ಉದ್ದೇಶವನ್ನು ನಾನು ಶಂಕಿಸುವುದಿಲ್ಲ, ಆದರೆ ಆ ಮಾತು ಹೇಳುವ ಅಧಿಕಾರ ಯಾರಿಗೂ ಇಲ್ಲ. ಅವರ ಬಳಿ ಬಿರುದಿನ ಭರವಸೆ ಕೇಳಬೇಡಿ. ಮುಂದಿನ ಆರು ತಿಂಗಳು ಮಗನಿಗೆ ಏನು ಕಲಿಸುತ್ತೀರಿ, ಅವನು ಈಗ ಯಾವ ಬಗೆಯ ತಪ್ಪು ಮಾಡುತ್ತಿದ್ದಾನೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ಕೇಳಿ. ಬರೆದುಕೊಟ್ಟರೆ ಒಳ್ಳೆಯ ಗುರು.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಮಂಡಳಿ (ನಾವು ಬೋರ್ಡ್ ಎನ್ನುವುದು), ಕಾಯಿ, ಪುಸ್ತಕ ಇವು ಖರ್ಚೇ ಅಲ್ಲ. ಪ್ರವೇಶ ಶುಲ್ಕ, ಮಗನ ಜೊತೆ ಹೋಗುವ ನಿಮ್ಮ ರೈಲು ಟಿಕೆಟ್ಟು, ಒಂಬತ್ತು ದಿನದ ವಸತಿ-ಊಟ, ನೀವು ಊರಿನಲ್ಲಿ ಇಲ್ಲದಾಗ ನಿಲ್ಲುವ ಮಗ್ಗದ ನಷ್ಟ, ತಾಸಿನ ಲೆಕ್ಕದಲ್ಲಿ ತರಬೇತುದಾರರ ಶುಲ್ಕ, ಇವೇ ನಿಜವಾದ ಖರ್ಚು. ನಾರ್ಮ್‌ನ ಹಂತಕ್ಕೆ ಬಂದಾಗ ಯುರೋಪಿಗೆ ಹೋಗಬೇಕಾದ ಸಂದರ್ಭವೂ ಬರಬಹುದು. ಚೆನ್ನೈನ ಪ್ರಜ್ಞಾನಂದ ಅವರು 2018ರಲ್ಲಿ ತಮ್ಮ ಬಿರುದನ್ನು ಪೂರೈಸಿದ್ದು ಇಟಲಿಯಲ್ಲಿ. ಗೋವಾದ ಲಿಯಾನ್ ಮೆಂಡೋನ್ಸಾ ಅವರು 2020ರ ಲಾಕ್‌ಡೌನ್ ಸಮಯದಲ್ಲಿ ತಂದೆಯೊಡನೆ ಹಂಗೇರಿಯಲ್ಲಿ ಸಿಲುಕಿಕೊಂಡು, ಯುರೋಪಿನಲ್ಲಿಯೇ ಟೂರ್ನಿಗಳನ್ನು ಆಡುತ್ತ ಹೋಗಿ, ವರ್ಷದ ಕೊನೆಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಮೂರೂ ನಾರ್ಮ್ ಮುಗಿಸಿದರು. ಗುಕೇಶ್ ಅವರ ಕೊನೆಯ ನಾರ್ಮ್ 2019ರ ಜನವರಿಯಲ್ಲಿ ದೆಹಲಿಯ ಓಪನ್ ಟೂರ್ನಿಯಲ್ಲಿಯೇ ಬಂತು, ಆಗ ಅವರಿಗೆ 12 ವರ್ಷ 7 ತಿಂಗಳು 17 ದಿನ. ಗುಕೇಶ್ ನಾಲ್ಕನೆಯ ತರಗತಿಯ ನಂತರ ನಿಯಮಿತ ಶಾಲೆಗೆ ಹೋಗಲಿಲ್ಲ, ವೈದ್ಯರಾದ ತಂದೆ ವೃತ್ತಿ ನಿಲ್ಲಿಸಿ ಮಗನ ಜೊತೆ ತಿರುಗಿದರು ಎಂಬುದನ್ನು ಎಲ್ಲರೂ ಉದಾಹರಿಸುತ್ತಾರೆ. ಆ ಮನೆಯಲ್ಲಿ ತಾಯಿಯ ವೈದ್ಯಕೀಯ ವೃತ್ತಿಯ ಸಂಬಳ ತಪ್ಪದೆ ಬರುತ್ತಿತ್ತು, ಸ್ನೇಹಿತರು ಕೈಹಿಡಿದಿದ್ದರು, ತಂದೆ ಬೇಕೆಂದಾಗ ವೈದ್ಯವೃತ್ತಿಗೆ ಮರಳಬಹುದಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ನೀವು ಮಾರಿದ ಮಗ್ಗ ಮರಳಿ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಶಾಲೆಯ ದಿನಗಳಲ್ಲಿ ಎರಡು ತಾಸು, ರಜೆಯಲ್ಲಿ ನಾಲ್ಕೈದು ತಾಸು ಸಾಕು. ಅದರಲ್ಲಿ ಅರ್ಧ ಸಮಯ ತಾನು ಸೋತ ಆಟಗಳನ್ನು, ಮೊದಲು ಕಂಪ್ಯೂಟರ್ ಇಲ್ಲದೆ, ತಾನೇ ಬಿಡಿಸಿ ನೋಡಲಿ. ಆನ್‌ಲೈನಿನಲ್ಲಿ ಮೂರು ನಿಮಿಷದ ಆಟಗಳನ್ನು ಸಾಲಾಗಿ ಆಡುವುದು ಅಭ್ಯಾಸವಲ್ಲ. ವರ್ಷಕ್ಕೆ ಐದಾರು ದೀರ್ಘ ಅವಧಿಯ ರೇಟೆಡ್ ಟೂರ್ನಿಗಳು, ಸಾಧ್ಯವಾದಷ್ಟು ಬೆಳಗಾವಿ, ಹುಬ್ಬಳ್ಳಿ, ಸಾಂಗ್ಲಿ, ಗೋವಾ ಈ ಸುತ್ತಿನಲ್ಲಿಯೇ ಇರಲಿ. ಟೂರ್ನಿಗೆ ಒಂದು ದಿನ ಮೊದಲೇ ಹೋಗಿ ಉಳಿಯಿರಿ. ನಾನು ಯೌವನದಲ್ಲಿ ಹಣ ಉಳಿಸಲೆಂದು ಬೆಳಗಾವಿಯಿಂದ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಯಲ್ಲಿ ರಾತ್ರಿಯಿಡೀ ನಿಂತು ಬೆಂಗಳೂರಿಗೆ ಹೋಗಿ, ಅಂದೇ ಮೊದಲ ಸುತ್ತಿಗೆ ಕುಳಿತು, ಗೆಲ್ಲುವ ಸ್ಥಿತಿಯಲ್ಲಿ ಆನೆಯನ್ನು ಕೈಯಾರೆ ಒಪ್ಪಿಸಿ ಬಂದವನು. ಇದು ಒಂದಲ್ಲ, ಮೂರು ವರ್ಷ ನಡೆಯಿತು. ನಾಲ್ಕೈದು ತಾಸು ನಡೆಯುವ ಆಟಕ್ಕೆ ನಿದ್ದೆಗೆಟ್ಟ ಮಗುವನ್ನು ಕೂರಿಸಿ ಪ್ರವೇಶ ಶುಲ್ಕವನ್ನು ಕಳೆದುಕೊಳ್ಳುವುದಕ್ಕಿಂತ, ವರ್ಷದಲ್ಲಿ ಎರಡು ಟೂರ್ನಿ ಕಡಿಮೆ ಆಡಿಸುವುದು ಮೇಲು.

ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಅವನು 2200ರ ಆಸುಪಾಸಿನಲ್ಲಿದ್ದರೆ ಮತ್ತೆ ನನಗೆ ಬರೆಯಿರಿ. ಆಗ ಶಾಲೆ-ಕಾಲೇಜಿನ ವಿಷಯದಲ್ಲಿ ಬೇರೆ ರೀತಿ ಯೋಚಿಸಲು ಆಧಾರವಿರುತ್ತದೆ. ಇನ್ನೊಂದು ಮಾತು. ಸೋತು ಬಂದ ದಿನ ಅವನಿಗೆ ಖರ್ಚಿನ ಲೆಕ್ಕ ಹೇಳಬೇಡಿ. ಮನೆಯ ಮಗ್ಗ ತನ್ನಿಂದಾಗಿ ಹೋಯಿತು ಎಂದು ತಿಳಿದ ಮಗು ಮಂಡಳಿಯ ಮುಂದೆ ಕುಳಿತಾಗ ನಡೆ ಹುಡುಕುವುದಿಲ್ಲ, ಸೋಲದಿರುವ ದಾರಿ ಹುಡುಕುತ್ತದೆ. ಅಂಥ ಕೆಲವು ಮಕ್ಕಳನ್ನು ನಾನು ತೀರ್ಪುಗಾರನಾಗಿ ಹತ್ತಿರದಿಂದ ಕಂಡಿದ್ದೇನೆ, ಅವರ ಮುಖ ಈಗಲೂ ಕಣ್ಣ ಮುಂದಿದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದೇನೆ, ರೇಟಿಂಗ್ 2040. ವೃತ್ತಿಪರ ಗ್ರ್ಯಾಂಡ್‌ಮಾಸ್ಟರ್‌ಗಳು ನಿಜವಾಗಿ ಏನು ಮಾಡಿ ಜೀವನ ನಡೆಸುತ್ತಾರೆ? ಬಹುಮಾನದ ಹಣವೇ ಸಾಕಾಗುತ್ತದೆಯೇ? (ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ)

ಉತ್ತರ: ಬಹುಮಾನದ ಹಣದಿಂದಲೇ ನೆಮ್ಮದಿಯಾಗಿ ಬದುಕುವವರು ಜಗತ್ತಿನ ಮೇಲಿನ ಕೆಲವೇ ಡಜನ್ ಆಟಗಾರರು. ಗುಕೇಶ್-ಡಿಂಗ್ ಪಂದ್ಯದ ಬಹುಮಾನದ ಮೊತ್ತ 25 ಲಕ್ಷ ಡಾಲರ್ ಇತ್ತು. ಪ್ರತಿ ಗೆಲುವಿಗೆ ಎರಡು ಲಕ್ಷ ಡಾಲರ್, ಉಳಿದದ್ದು ಸಮಪಾಲು ಎಂಬ ಲೆಕ್ಕದಲ್ಲಿ ಮೂರು ಆಟ ಗೆದ್ದ ಗುಕೇಶ್ ಅವರಿಗೆ 13.5 ಲಕ್ಷ ಡಾಲರ್ ಬಂತು. ಅದು ಶಿಖರ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ನೋಡಿ: 2023ರ ವಿಶ್ವಕಪ್‌ನಲ್ಲಿ ಗೆದ್ದ ಮ್ಯಾಗ್ನಸ್ ಕಾರ್ಲ್‌ಸನ್ ಅವರಿಗೆ 1,10,000 ಡಾಲರ್, ಎರಡನೆಯವರಾದ ಪ್ರಜ್ಞಾನಂದ ಅವರಿಗೆ 80,000 ಡಾಲರ್. ಅದರ ಕೆಳಗೆ ಬಂದರೆ, ನಮ್ಮ ದೇಶದ ಓಪನ್ ಟೂರ್ನಿಗಳಲ್ಲಿ ಮೊದಲ ಹತ್ತರೊಳಗೆ ಬಂದ ಗ್ರ್ಯಾಂಡ್‌ಮಾಸ್ಟರ್‌ಗೂ ಹತ್ತು ದಿನದ ದುಡಿಮೆಗೆ ಹೋಗಿಬರುವ ಖರ್ಚು ಕಳೆದು ಉಳಿಯುವುದು ಸ್ವಲ್ಪವೇ. ಪ್ರಸಿದ್ಧ ಟೂರ್ನಿಗಳು ಬಿರುದುಳ್ಳವರಿಗೆ ಪ್ರವೇಶ ಶುಲ್ಕ ಬಿಡುತ್ತವೆ, ಹೆಚ್ಚಿನ ರೇಟಿಂಗ್ ಇದ್ದವರಿಗೆ ವಸತಿ ಕೊಡುತ್ತವೆ. ಬಿರುದಿನ ಮೊದಲ ಆರ್ಥಿಕ ಪ್ರಯೋಜನ ಎಂದರೆ ಖರ್ಚು ಕಡಿಮೆಯಾಗುವುದು ಎಂದು ತಿಳಿಯಿರಿ.

ಉಳಿದವರ ಜೀವನ ಹಲವು ಕಡೆಯ ಆದಾಯ ಸೇರಿ ನಡೆಯುತ್ತದೆ. ನಮ್ಮ ದೇಶದಲ್ಲಿ ಮೊದಲಿನಿಂದಲೂ ದೊಡ್ಡ ಆಸರೆಯಾಗಿರುವುದು ಕ್ರೀಡಾ ಕೋಟಾದ ನೌಕರಿ. ತೈಲ ಕಂಪನಿಗಳು ಮತ್ತು ರೈಲ್ವೆ ಚದುರಂಗದವರನ್ನು ತೆಗೆದುಕೊಂಡು ಟೂರ್ನಿಗೆ ರಜೆ ಕೊಟ್ಟು ಬೆಳೆಸಿವೆ. ಕೊನೇರು ಹಂಪಿ ಅವರು ಒಎನ್‌ಜಿಸಿಯ ಉದ್ಯೋಗಿ. ನಮ್ಮ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜಕುಮಾರ್ ಅವರು ರೈಲ್ವೆಯಲ್ಲಿದ್ದುಕೊಂಡೇ ಬಿರುದು ಪಡೆದರು. ಎರಡನೆಯದು ಲೀಗ್‌ಗಳು. ಜರ್ಮನಿಯ ಚದುರಂಗ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ ವಾರದ ಕೊನೆಯ ದಿನಗಳಲ್ಲಿ ಕ್ಲಬ್‌ಗಳು ಹೊರದೇಶದ ಗ್ರ್ಯಾಂಡ್‌ಮಾಸ್ಟರ್‌ಗಳಿಗೆ ಹಣ ಕೊಟ್ಟು ಆಡಿಸುತ್ತವೆ. ಮೂರನೆಯದು, ಮೇಲಿನ ಆಟಗಾರರಿಗೆ ಸಹಾಯಕರಾಗಿ ಆರಂಭದ ನಡೆಗಳನ್ನು ಸಿದ್ಧಪಡಿಸಿಕೊಡುವ ಕೆಲಸ. ಹೊರಗಿನವರ ಕಣ್ಣಿಗೆ ಬೀಳದ ಈ ಕೆಲಸದಲ್ಲಿ ರಾತ್ರಿಯೆಲ್ಲ ಕಂಪ್ಯೂಟರ್ ಮುಂದೆ ಕುಳಿತು ಬೆಳಗ್ಗೆ ಯಜಮಾನನ ಕೈಗೆ ಹಾಳೆ ಕೊಡಬೇಕು.

ಆದರೆ ಇಂದು ಅತಿ ಹೆಚ್ಚು ಜನರ ಕೈಹಿಡಿದಿರುವುದು ಕಲಿಸುವ ಕೆಲಸವೇ. ಇಲ್ಲಿ ಆರ್.ಬಿ. ರಮೇಶ್ ಅವರನ್ನು ನೆನೆಯದೆ ಇರಲಾರೆ. ದೇಶದ ಹತ್ತನೆಯ ಗ್ರ್ಯಾಂಡ್‌ಮಾಸ್ಟರ್ ಆದ ಅವರು, ಆಡುವ ವಯಸ್ಸಿನಲ್ಲೇ ಇಂಡಿಯನ್ ಆಯಿಲ್‌ನ ಭದ್ರ ನೌಕರಿ ಬಿಟ್ಟು, ಪತ್ನಿ ಆರತಿ ರಾಮಸ್ವಾಮಿ ಅವರೊಡನೆ ಚೆನ್ನೈನಲ್ಲಿ ಗುರುಕುಲ ಕಟ್ಟಿದರು. ಪ್ರಜ್ಞಾನಂದ ಮತ್ತು ಅವರ ಅಕ್ಕ ವೈಶಾಲಿ ಅಲ್ಲಿಂದಲೇ ಬೆಳೆದರು. ಗುಕೇಶ್ ಅವರನ್ನು ಬಾಲ್ಯದಲ್ಲಿ ತಿದ್ದಿದವರು ಗ್ರ್ಯಾಂಡ್‌ಮಾಸ್ಟರ್ ವಿಷ್ಣು ಪ್ರಸನ್ನ. ಇವರ ಆಟಗಳನ್ನು ನೆನಪಿಟ್ಟವರು ಕಡಿಮೆ, ಇವರ ಶಿಷ್ಯರ ಆಟಗಳನ್ನು ಜಗತ್ತೇ ನೋಡುತ್ತಿದೆ. ಕಲಿಸುವುದನ್ನು ಸೋತವರ ಕೆಲಸ ಎಂದು ನಮ್ಮಲ್ಲಿ ಕೆಲವರು ಆಡಿಕೊಳ್ಳುವುದನ್ನು ಕೇಳಿದಾಗ ನನಗೆ ನಿಜವಾಗಿ ನೋವಾಗುತ್ತದೆ.

ನಿಮ್ಮ ವಿಷಯದಲ್ಲಿ ಹೇಳುವುದಾದರೆ, 2040 ಒಳ್ಳೆಯ ರೇಟಿಂಗ್, ಆದರೆ ಅದು ಪದವಿ ಬಿಡುವ ರೇಟಿಂಗ್ ಅಲ್ಲ. ಎಂಜಿನಿಯರಿಂಗ್ ಮುಗಿಸಿ. ವಿಶ್ವವಿದ್ಯಾಲಯದ ತಂಡಕ್ಕೆ ಆಡಿ, ಫಿಡೆ ತರಬೇತುದಾರರ ಅಥವಾ ತೀರ್ಪುಗಾರರ ಪರೀಕ್ಷೆಯನ್ನೂ ಈ ವರ್ಷಗಳಲ್ಲಿಯೇ ಬರೆಯಿರಿ. ಮುಂಬೈನ ಸಾಗರ್ ಷಾ ಅವರು ಚಾರ್ಟರ್ಡ್ ಅಕೌಂಟೆಂಟ್ ಆಗಿಯೂ ಇಂಟರ್‌ನ್ಯಾಷನಲ್ ಮಾಸ್ಟರ್ (ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಬಿರುದು) ಆದರು, ಮತ್ತು ಗ್ರ್ಯಾಂಡ್‌ಮಾಸ್ಟರ್ ಆಗದೆಯೇ ಚೆಸ್‌ಬೇಸ್ ಇಂಡಿಯಾ ಎಂಬ ಸುದ್ದಿತಾಣದ ಮೂಲಕ ದೇಶದ ಚದುರಂಗ ಪತ್ರಿಕೋದ್ಯಮವನ್ನೇ ಕಟ್ಟಿದರು. ಚದುರಂಗದಲ್ಲಿ ಬದುಕು ಕಟ್ಟಿಕೊಳ್ಳಲು 2500 ಒಂದೇ ಬಾಗಿಲಲ್ಲ.

ಪ್ರಶ್ನೆ: ನನಗೆ 32 ವರ್ಷ, ಬ್ಯಾಂಕ್ ನೌಕರ, ರೇಟಿಂಗ್ 1850. ಈಗ ಶುರು ಮಾಡಿದರೆ ಗ್ರ್ಯಾಂಡ್‌ಮಾಸ್ಟರ್ ಆಗಲು ತಡವಾಯಿತೇ? (ಓದುಗರು, ವಿಜಯಪುರ)

ಉತ್ತರ: ತಡವಾಗಿದೆ. ಮೇಲೆ ಹೇಳಿದ ತೇಜಕುಮಾರ್ ಅವರು 2017ರಲ್ಲಿ ದೇಶದ 50ನೆಯ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರಿಗೆ 36 ವರ್ಷವಾಗಿತ್ತು ಎಂಬುದನ್ನು ನೀವೂ ಓದಿರಬಹುದು. ಆದರೆ ಅವರು ಅದಕ್ಕೆ ಎಷ್ಟೋ ವರ್ಷ ಮೊದಲೇ ಇಂಟರ್‌ನ್ಯಾಷನಲ್ ಮಾಸ್ಟರ್ ಆಗಿದ್ದವರು. ಅವರಿಗೆ ಉಳಿದಿದ್ದು ಕೊನೆಯ ಮೆಟ್ಟಿಲು, ನಿಮಗೆ ಉಳಿದಿರುವುದು ಇಡೀ ಬೆಟ್ಟ. ವಯಸ್ಕರಿಗೆ ಗುಣಕ 20 ಮಾತ್ರ, ಮತ್ತು ನಮ್ಮ ಟೂರ್ನಿಗಳಲ್ಲಿ ನಿಮ್ಮ ಎದುರು ಕೂರುವ ಹತ್ತು ವರ್ಷದ ಮಗುವಿನ ಬಲ ಅದರ ರೇಟಿಂಗ್‌ಗಿಂತ ಇನ್ನೂರು ಅಂಕ ಮುಂದೆ ಓಡುತ್ತಿರುತ್ತದೆ. ಅದಕ್ಕೆ ಸೋತು ಕಳೆದುಕೊಂಡ ಅಂಕಗಳ ಬಗ್ಗೆ ಬೇಸರ ಪಡುವುದು ಬೇಡ, ಎಲ್ಲ ಹಿರಿಯರಿಗೂ ಇದೇ ಅನುಭವ. 2000 ದಾಟುವ ಗುರಿ ಇಟ್ಟುಕೊಳ್ಳಿ. ಅಂತ್ಯದಾಟ, ಅದರಲ್ಲೂ ಆನೆ-ಪ್ಯಾದೆಗಳ ಅಂತ್ಯದಾಟವನ್ನು ಒಂದು ವರ್ಷ ಶ್ರದ್ಧೆಯಿಂದ ಓದಿದರೆ ಅದು ನಿಮ್ಮ ಕೈಗೆ ಎಟುಕುವ ಗುರಿ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಬೇರೆ, ಗ್ರ್ಯಾಂಡ್‌ಮಾಸ್ಟರ್ ಬೇರೆ ಎಂದು ಕೇಳಿದೆ. ಹೆಣ್ಣುಮಕ್ಕಳು ಯಾವುದಕ್ಕೆ ಪ್ರಯತ್ನಿಸಬೇಕು? ಹುಡುಗಿಯರ ವಿಭಾಗದಲ್ಲಿ ಆಡಿಸಿದರೆ ಬಹುಮಾನ ಬೇಗ ಬರುತ್ತದೆ ಎನ್ನುತ್ತಾರೆ. (ತಾಯಿ, ನವನಗರ, ಬಾಗಲಕೋಟೆ)

ಉತ್ತರ: ತಾಯಿ, ನೀವು ಕೇಳಿದ್ದು ನಿಜ. ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಬಿರುದಿಗೆ 2300 ರೇಟಿಂಗ್ ಮತ್ತು 2400 ಮಟ್ಟದ ನಾರ್ಮ್‌ಗಳು ಸಾಕು. ಗ್ರ್ಯಾಂಡ್‌ಮಾಸ್ಟರ್ ಬಿರುದು ಹೆಣ್ಣು-ಗಂಡು ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ, ಅದರ ಷರತ್ತುಗಳನ್ನು ಮೊದಲ ಉತ್ತರದಲ್ಲಿ ವಿವರಿಸಿದ್ದೇನೆ. ಭಾರತದಲ್ಲಿ ಈ ಎರಡನೆಯದನ್ನು ಪಡೆದ ಮಹಿಳೆಯರು ಬೆರಳೆಣಿಕೆಯಷ್ಟು: 2002ರಲ್ಲಿ ಹದಿನೈದನೆಯ ವಯಸ್ಸಿನಲ್ಲಿ ಕೊನೇರು ಹಂಪಿ, 2011ರಲ್ಲಿ ದ್ರೋಣವಲ್ಲಿ ಹಾರಿಕಾ, 2023ರಲ್ಲಿ ವೈಶಾಲಿ, 2025ರಲ್ಲಿ ನಾಗಪುರದ ದಿವ್ಯಾ ದೇಶಮುಖ್. ದಿವ್ಯಾ ಅವರ ಹಾದಿ ಅಪರೂಪದ್ದು. ಜಾರ್ಜಿಯಾದ ಬಟುಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್‌ನ ಫೈನಲ್‌ನಲ್ಲಿ ಹಂಪಿ ಅವರನ್ನೇ ಸೋಲಿಸಿದ್ದರಿಂದ, ಒಂದೂ ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಇಲ್ಲದೆ ನೇರವಾಗಿ ಬಿರುದು ಬಂತು. ಹಂಪಿ ಅವರೂ ಮಗಳು ಹುಟ್ಟಿದ ಮೇಲೆ ಮರಳಿ ಬಂದು 2019ರಲ್ಲಿ ಮತ್ತು 2024ರಲ್ಲಿ ವಿಶ್ವ ರ‍್ಯಾಪಿಡ್ (ಅವಧಿ ಕಡಿಮೆ ಇರುವ ಆಟ) ಪ್ರಶಸ್ತಿ ಗೆದ್ದವರು.

ಮಗಳನ್ನು ವರ್ಷಕ್ಕೆ ಒಂದೆರಡು ಸಲ ಹುಡುಗಿಯರ ವಿಭಾಗದಲ್ಲಿ, ರಾಜ್ಯದ ಆಯ್ಕೆಗಾಗಿ ಆಡಿಸಿ. ಉಳಿದಂತೆ ಓಪನ್ ವಿಭಾಗದಲ್ಲಿಯೇ ಆಡಿಸಿ, ಅಲ್ಲಿ ಸೋಲು ಹೆಚ್ಚು, ಕಲಿಕೆಯೂ ಹೆಚ್ಚು. ಬೇಗ ಬರುವ ಬಹುಮಾನದ ಆಸೆಗೆ ಒಂಬತ್ತನೆಯ ವಯಸ್ಸಿನಲ್ಲಿಯೇ ಅವಳ ಎದುರಾಳಿಗಳನ್ನು ಆಯ್ದು ಕೊಟ್ಟರೆ, ಹದಿನೈದನೆಯ ವಯಸ್ಸಿನಲ್ಲಿ ಅವಳಿಗೆ ಎಲ್ಲರ ನಡುವೆ ಕೂರುವ ಧೈರ್ಯ ಬರುವುದಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳು ಆಟ ಬಿಡುವುದು ಹೆಚ್ಚಾಗಿ ಎಂಟು, ಒಂಬತ್ತನೆಯ ತರಗತಿಯಲ್ಲಿ, ದೂರದ ಊರಿಗೆ ಕರೆದುಕೊಂಡು ಹೋಗುವವರು ಯಾರು ಎಂಬ ಪ್ರಶ್ನೆ ಬಂದಾಗ. ಬಾಗಲಕೋಟೆಯಲ್ಲಿ ಆಡುವ ಹುಡುಗಿಯರ ಮೂರು-ನಾಲ್ಕು ಮನೆಯವರು ಈಗಲೇ ಪರಿಚಯ ಮಾಡಿಕೊಂಡು, ಒಂದು ಟೂರ್ನಿಗೆ ಒಬ್ಬ ತಾಯಿ ಎಲ್ಲ ಮಕ್ಕಳನ್ನು ಕರೆದೊಯ್ಯುವ ಏರ್ಪಾಡು ಮಾಡಿಕೊಳ್ಳಿ. ಬಸವ ಎಕ್ಸ್‌ಪ್ರೆಸ್‌ನಲ್ಲಿ ಮಕ್ಕಳೆಲ್ಲ ಒಟ್ಟಿಗೆ ಹೋದರೆ ಖರ್ಚೂ ಹಂಚಿಕೆಯಾಗುತ್ತದೆ, ದಾರಿಯಲ್ಲಿ ಆಟವೂ ನಡೆಯುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಅವನು ಸ್ಪರ್ಧೆಯಲ್ಲಿ ಆಡಬಹುದೇ? (ಅಕ್ಕ, ಮುಧೋಳ)

ಉತ್ತರ: ಖಂಡಿತ ಆಡಬಹುದು, ದೃಷ್ಟಿ ಇರುವವರ ಜೊತೆಗೇ ಆಡಬಹುದು. ಅವನಿಗೆ ಬೇರೆ ಮಂಡಳಿ ಇರುತ್ತದೆ. ಅದರಲ್ಲಿ ಕಪ್ಪು ಮನೆಗಳು ತುಸು ಉಬ್ಬಿರುತ್ತವೆ, ಪ್ರತಿ ಮನೆಗೂ ರಂಧ್ರವಿದ್ದು ಕಾಯಿಗಳು ಅದರಲ್ಲಿ ನಿಲ್ಲುತ್ತವೆ, ಮುಟ್ಟಿದರೆ ಬಣ್ಣ ತಿಳಿಯುವ ಗುರುತೂ ಇರುತ್ತದೆ. ಇಬ್ಬರೂ ತಮ್ಮ ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅವರು ದೃಷ್ಟಿ ವಿಕಲಚೇತನರ ರಾಷ್ಟ್ರೀಯ ಚಾಂಪಿಯನ್ ಆಗಿ, 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು. ತಮ್ಮನಿಗೆ ಅವರ ಕಥೆ ಹೇಳಿ, ಮಂಡಳಿಯ ಮನೆಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವುದರಿಂದ ಆರಂಭಿಸಿ.

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಮ್ಮ ಹಳ್ಳಿಯ ಶಾಲೆಯಲ್ಲಿ ಬುದ್ಧಿಬಳ ಕಲಿಸುವ ಆಸೆ. ನಮ್ಮ ಹಿರಿಯರು ಕಲಿಸಿದ ಪದ್ಧತಿಯಲ್ಲೇ ಕಲಿಸಿದರೆ ಆಗುತ್ತದೆಯೇ? ಕಡಿಮೆ ಖರ್ಚಿನಲ್ಲಿ ಹೇಗೆ ಆರಂಭಿಸಬೇಕು? (ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ)

ಉತ್ತರ: ಗುರುಗಳೇ, ‘ಬುದ್ಧಿಬಳ’ ಎಂಬ ಮಾತು ಓದಿ ನನ್ನ ಅಜ್ಜನ ಕಟ್ಟೆ ನೆನಪಾಯಿತು. ನಮ್ಮ ಹಿರಿಯರು ಆಡುತ್ತಿದ್ದ ದೇಶಿ ಪದ್ಧತಿಯಲ್ಲಿ ಪ್ಯಾದೆ ಮೊದಲ ನಡೆಯಲ್ಲಿಯೂ ಒಂದೇ ಮನೆ ಹೋಗುತ್ತದೆ, ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದು, ಕೊನೆಯ ಮನೆ ಮುಟ್ಟಿದ ಪ್ಯಾದೆ ಆ ಸಾಲಿನ ಕಾಯಿಯಾಗಿ ಏಳುತ್ತದೆ. ಇದು ಹಳೆಯ, ಗಂಭೀರವಾದ ಆಟ, ಮರೆಯಬಾರದ ಆಟ. ಆದರೆ ಮಕ್ಕಳಿಗೆ ಮೊದಲು ಅಂತರರಾಷ್ಟ್ರೀಯ ನಿಯಮಗಳನ್ನೇ ಕಲಿಸಿ. ಎರಡನ್ನೂ ಬೆರೆಸಿದರೆ ಸ್ಪರ್ಧೆಯ ಮೊದಲ ದಿನವೇ ತೀರ್ಪುಗಾರರು ನಡೆ ತಪ್ಪು ಎನ್ನುತ್ತಾರೆ, ಮಗು ಕಂಗಾಲಾಗುತ್ತದೆ. ದೇಶಿ ಆಟದಿಂದ ಬಂದವರು ಮೇಲೇರಲಾರರು ಎಂದು ಮಾತ್ರ ಇದರ ಅರ್ಥವಲ್ಲ. ಪಂಜಾಬಿನ ಹಳ್ಳಿಯ ಮೀರ್ ಸುಲ್ತಾನ್ ಖಾನ್ ಅವರು ದೇಶಿ ಆಟದಲ್ಲಿಯೇ ಬೆಳೆದು, ಯೌವನದಲ್ಲಿ ಹೊಸ ನಿಯಮ ಕಲಿತು, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಬದುಕಿದ್ದಾಗ ಅವರಿಗೆ ಯಾವ ಬಿರುದೂ ಸಿಗಲಿಲ್ಲ, 2024ರಲ್ಲಿ ಫಿಡೆ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು.

ಆರಂಭಕ್ಕೆ ಹತ್ತು ಮಡಚುವ ರೆಕ್ಸಿನ್ ಮಂಡಳಿಗಳು, ಹತ್ತು ಸೆಟ್ ಪ್ಲಾಸ್ಟಿಕ್ ಕಾಯಿಗಳು, ಗೋಡೆಗೆ ಒಂದು ದೊಡ್ಡ ಮಂಡಳಿಯ ಚಿತ್ರ ಸಾಕು. ಮೊದಲ ತಿಂಗಳು ಪೂರ್ತಿ ಆಟ ಬೇಡ. ಬರೀ ಪ್ಯಾದೆಗಳ ಆಟ, ಆಮೇಲೆ ರಾಜ ಮತ್ತು ಆನೆಯಿಂದ ಒಂಟಿ ರಾಜನಿಗೆ ಮಾತ್ ಹಾಕುವುದು, ಹೀಗೆ ಕಾಯಿ ಕಡಿಮೆ ಇರುವ ಸ್ಥಿತಿಯಿಂದ ಮೇಲಕ್ಕೆ ಹೋಗಿ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಲಿಚೆಸ್ ಎಂಬ ತಾಣದ ಒಗಟುಗಳೂ ಸ್ಟಾಕ್‌ಫಿಶ್ ಎಂಬ ವಿಶ್ಲೇಷಕವೂ ಪೂರ್ತಿ ಉಚಿತ, ವಿಶ್ವ ಚಾಂಪಿಯನ್‌ಗಳು ಬಳಸುವುದೂ ಇದೇ ವಿಶ್ಲೇಷಕವನ್ನೇ. ಎರಡನೆಯ ತಿಂಗಳಿನಿಂದ ಪ್ರತಿ ಮಗುವೂ ತನ್ನ ಆಟದ ನಡೆಗಳನ್ನು ಬರೆಯಲೇಬೇಕು ಎಂಬ ನಿಯಮ ಮಾಡಿ. ಇಂಗ್ಲಿಷ್ ಬಾರದ ಮಕ್ಕಳು ಹೆದರಬೇಕಾಗಿಲ್ಲ. ಮನೆಗಳಿಗೆ ಎ ಇಂದ ಎಚ್‌ವರೆಗಿನ ಅಕ್ಷರಗಳು ಬೇಕೇ ಬೇಕು, ಆದರೆ ಕಾಯಿಗಳ ಹೆಸರನ್ನು ತಮ್ಮ ಭಾಷೆಯ ಮೊದಲ ಅಕ್ಷರದಿಂದ ಬರೆಯಲು ಫಿಡೆಯ ನಿಯಮಗಳಲ್ಲಿಯೇ ಅವಕಾಶವಿದೆ. ಆನೆಗೆ ‘ಆ’, ಕುದುರೆಗೆ ‘ಕು’ ಎಂದು ಬರೆದ ಹಾಳೆಯನ್ನು ತೀರ್ಪುಗಾರನಾಗಿ ನಾನೇ ಸಂತೋಷದಿಂದ ಸ್ವೀಕರಿಸಿದ್ದೇನೆ.

ಗಡಿಯಾರ ಕೊಳ್ಳುವುದು ಎರಡನೆಯ ವರ್ಷದ ಮಾತು. ಅಷ್ಟರೊಳಗೆ ಮಕ್ಕಳು ಬರೆದ ಹಾಳೆಗಳನ್ನು ತಿಂಗಳಿಗೆ ಹತ್ತರಂತೆ ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ, ಪ್ರತಿಯೊಂದನ್ನೂ ಮಂಡಳಿಯ ಮೇಲೆ ಆಡಿ ನೋಡಿ, ಎಲ್ಲಿ ಚೆನ್ನಾಗಿ ಯೋಚಿಸಿದ್ದಾರೆ, ಎಲ್ಲಿ ಅವಸರ ಮಾಡಿದ್ದಾರೆ ಎಂದು ಅಂಚಿನಲ್ಲಿ ಬರೆದು ನಾನು ಮರಳಿ ಕಳಿಸುತ್ತೇನೆ.